14 ಲೀಟರಿನ ಆಕಳು ನಿಜಕ್ಕೂ ಎಷ್ಟು ಲೀಟರಿನದು?

ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಡೇರಿ ಮುಂದೆ ಅರ್ಧ ತಾಸು ನಿಂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: "ತಂದಾಗ 14 ಲೀಟರ್ ಕೊಡ್ತಿತ್ತು. ಈಗ ಎಂಟಕ್ಕ ಬಂದೈತಿ. ದಲ್ಲಾಳಿ ಟೋಪಿ ಹಾಕಿದ." ಸಿರುಗುಪ್ಪ ಕಡೆ ಹೋದರೆ ಇದೇ ದೂರು ಎಮ್ಮೆಯ ಮೇಲೆ ಇರುತ್ತದೆ.

ಕೆಲವು ಸಲ ದಲ್ಲಾಳಿ ನಿಜವಾಗಿಯೂ ಟೋಪಿ ಹಾಕಿರುತ್ತಾನೆ. ಬಹಳ ಸಲ ಹಾಕಿರುವುದಿಲ್ಲ. ಆಕಳು ಆರು ತಿಂಗಳ ಹಿಂದೆ ನಿಜಕ್ಕೂ 14 ಲೀಟರ್ ಕೊಟ್ಟಿರುತ್ತದೆ, ಈಗ ನಿಜಕ್ಕೂ ಎಂಟು ಕೊಡುತ್ತಿರುತ್ತದೆ. ಎರಡೂ ಸರಿ. ನಾವು ಆಕಳಿಗೆ ಒಂದೇ ಒಂದು ಅಂಕಿ ಅಂಟಿಸಿ ಮಾತಾಡುತ್ತೇವೆ, ಅದೇ ತೊಡಕು. "ಅದು 14 ಲೀಟರ್ ಆಕಳು" ಅಂತ ಬೆಲೆ ಕಟ್ಟುತ್ತೇವೆ, ಸಾಲ ತರುತ್ತೇವೆ, ಮಗಳ ಕಾಲೇಜು ಫೀಸಿಗೆ ಅದನ್ನೇ ನಂಬುತ್ತೇವೆ. ಹಾಲು ಮಾತ್ರ ದಿನಕ್ಕೊಂದು ಅಂಕಿಯಾಗಿ ಏರುತ್ತದೆ, ಇಳಿಯುತ್ತದೆ, ಒಂದು ದಿನ ನಿಲ್ಲುತ್ತದೆ.

ನಮ್ಮಲ್ಲೊಬ್ಬರ ಮನೆ ಕುರುಗೋಡು ತಾಲ್ಲೂಕಿನಲ್ಲಿದೆ. ಆ ಮನೆಯ ಅವ್ವ ಹಾಲಿನ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ದಿನಾ ಅಲ್ಲ, ಅಮಾವಾಸ್ಯೆಗೊಮ್ಮೆ. ಆವತ್ತು ಬೆಳಿಗ್ಗೆಯದು, ಸಂಜೆಯದು ಎರಡೂ ಹೊತ್ತಿನ ಹಾಲನ್ನು ಒಂದೇ ಅಳತೆಯಲ್ಲಿ ಅಳೆದು, ಮನೆಗೆ ಇಟ್ಟುಕೊಂಡದ್ದನ್ನೂ ಸೇರಿಸಿ ಒಂದು ಅಂಕಿ ಬರೆಯುತ್ತಾರೆ. ಎಚ್‌ಎಫ್ ಮಿಶ್ರತಳಿ ಆಕಳು, ಮೂರನೇ ಸೂಲು. ಆ ಕ್ಯಾಲೆಂಡರಿನ ಹತ್ತು ಅಂಕಿಗಳು ಹೀಗಿವೆ: 11, 14, 13, 12, 11, 10, 9, 8, 7, 5.

ನಮಗೆ ಪತ್ರಿಕೋದ್ಯಮದ ಪಾಠದಲ್ಲಿ ಅಂಕಿಅಂಶ ಓದುವುದನ್ನು ಹೇಳಿಕೊಟ್ಟಿದ್ದರು. ಆದರೆ ಇಷ್ಟು ಚೊಕ್ಕ ಅಂಕಿ ನಾವು ಎಲ್ಲೂ ನೋಡಿರಲಿಲ್ಲ. ಹತ್ತನ್ನೂ ಕೂಡಿದರೆ 100. ಒಂದೊಂದು ಅಂಕಿಯೂ ಸುಮಾರು 30 ದಿನದ್ದು. ಅಂದರೆ 300 ದಿನದಲ್ಲಿ 3,000 ಲೀಟರ್, ದಿನಕ್ಕೆ ಸರಾಸರಿ 10 ಲೀಟರ್.

ಅವ್ವ ಮಾಡಿದ್ದು ಮತ್ತು ದೇಶವಿದೇಶದ ದನದ ವಿಜ್ಞಾನಿಗಳು ಮಾಡುವುದು ಹೆಚ್ಚುಕಡಿಮೆ ಒಂದೇ. ಅವರೂ ತಿಂಗಳಿಗೊಂದು ದಿನ ಅಳೆಯುತ್ತಾರೆ, ಅದರ ಮೇಲೆ ಇಡೀ ಸೂಲಿನ ಹಾಲನ್ನು ಅಂದಾಜು ಮಾಡುತ್ತಾರೆ. ಅವರ ಲೆಕ್ಕ 305 ದಿನದ್ದು. ಅಮಾವಾಸ್ಯೆ ನೋಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ಅಂಕಿಗಳನ್ನು ಕಾಗದದ ಮೇಲೆ ಚುಕ್ಕಿ ಇಟ್ಟು ಜೋಡಿಸಿದರೆ ಒಂದು ಗೆರೆ ಬರುತ್ತದೆ. ಈದ ಮೇಲೆ ನಾಲ್ಕೈದು ದಿನ ಗಿಣ್ಣ, ಆಮೇಲೆ ಹಾಲು ದಿನದಿನಕ್ಕೆ ಏರುತ್ತ ಆರರಿಂದ ಎಂಟನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಅಲ್ಲಿಂದ ಮೆಲ್ಲಗೆ ಇಳಿತ. ಆರೋಗ್ಯವಾಗಿರುವ, ಹೊಟ್ಟೆ ತುಂಬ ತಿನ್ನುವ ಆಕಳಲ್ಲೂ ತಿಂಗಳಿಗೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಒಂದು ಬದಿ ಕಡಿದು, ಇನ್ನೊಂದು ಬದಿ ಉದ್ದಕ್ಕೆ ಇಳಿಜಾರಾದ ಗುಡ್ಡದ ಹಾಗೆ ಈ ಗೆರೆ ಕಾಣುತ್ತದೆ.

ಇಂಗ್ಲೆಂಡಿನ ಹಾಲು ಮಾರಾಟ ಮಂಡಳಿಯಲ್ಲಿದ್ದ ಪಿ. ಡಿ. ಪಿ. ವುಡ್ ಎಂಬವರು 1967ರಲ್ಲಿ ಈ ಗುಡ್ಡಕ್ಕೆ ಒಂದು ಸೂತ್ರ ಕೊಟ್ಟರು. 'ನೇಚರ್' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಸೂತ್ರ ನೋಡಿ ಹೆದರಬೇಕಾಗಿಲ್ಲ, ಅದರಲ್ಲಿ ಮೂರೇ ಅಂಕಿ ಇವೆ. ಹಾಲು ಎಲ್ಲಿಂದ ಶುರುವಾಗುತ್ತದೆ, ಎಷ್ಟು ಚುರುಕಾಗಿ ಏರುತ್ತದೆ, ಎಷ್ಟು ಚುರುಕಾಗಿ ಇಳಿಯುತ್ತದೆ. ಏರುವ ಅಂಕಿಯನ್ನು ಇಳಿಯುವ ಅಂಕಿಯಿಂದ ಭಾಗಿಸಿದರೆ ತುದಿ ಎಷ್ಟನೇ ವಾರಕ್ಕೆ ಬರುತ್ತದೆ ಅನ್ನುವುದು ಸಿಗುತ್ತದೆ. ಏರುವುದು 0.2, ಇಳಿಯುವುದು 0.03 ಅಂತ ಇಟ್ಟುಕೊಂಡರೆ ತುದಿ ಏಳನೇ ವಾರದೊಳಗೆ. ಆಮೇಲೆ ಬಂದವರು ಬೇರೆ ಬೇರೆ ಸೂತ್ರ ಕೊಟ್ಟರು. ಆದರೂ ಸಂಶೋಧನಾ ಲೇಖನಗಳಲ್ಲಿ ವುಡ್ ಹೆಸರು ಇವತ್ತಿಗೂ ಬರುತ್ತಲೇ ಇರುತ್ತದೆ.

ನಮ್ಮ ರಾಜ್ಯದಲ್ಲಿ ಹಾಲಿನ ಲೆಕ್ಕಕ್ಕೆ ಹಳೆಯ ಇತಿಹಾಸವೇ ಇದೆ. ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲಿ ಬ್ರಿಟಿಷರು ಹೈನುಗಾರಿಕೆ ಸಂಸ್ಥೆ ಆರಂಭಿಸಿದ್ದರು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿ ಕೆಲವು ದಿನ ದನ ಸಾಕುವುದನ್ನು ಕಲಿತರು. ಅದೇ ಜಾಗ ಇವತ್ತು ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಅಂಥ ಕಡೆ ಒಂದೊಂದು ದನಕ್ಕೂ ಒಂದೊಂದು ದಾಖಲೆ ಇರುತ್ತದೆ. ನಮ್ಮೂರ ದನಕ್ಕೆ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ, ಆದರೆ ಅದು ಈದ ತಾರೀಖು ಎಷ್ಟು ಮನೆಯಲ್ಲಿ ಬರೆದಿಟ್ಟಿದ್ದಾರೆ? "ಉಗಾದಿ ಆದ ಮ್ಯಾಲೆ ಈದಿತ್ರೀ" ಅನ್ನುವ ಉತ್ತರವೇ ಹೆಚ್ಚು.

ಈಗ ಅಸಲು ಮಾತಿಗೆ ಬರೋಣ. ಅವ್ವನ ಆಕಳು ಹಾಲು ಕೊಟ್ಟದ್ದು 300 ದಿನ. ಆದರೆ ಅದು ಮೇವು ತಿಂದದ್ದು 300 ದಿನ ಮಾತ್ರ ಅಲ್ಲ. ಈದ 120ನೇ ದಿನಕ್ಕೆ ಗಬ್ಬ ನಿಂತಿತು. ಆಕಳು ಗಬ್ಬ ಹೊರುವುದು ಸುಮಾರು 280 ದಿನ. ಎರಡೂ ಸೇರಿ ಮುಂದಿನ ಕರು ಬರುವುದು 400ನೇ ದಿನ. ಅಂದರೆ 3,000 ಲೀಟರನ್ನು 300ರಿಂದ ಅಲ್ಲ, 400ರಿಂದ ಭಾಗಿಸಬೇಕು. ಏಳೂವರೆ ಲೀಟರ್. ಸಂತೆಯಲ್ಲಿ 14 ಲೀಟರ್ ಅನಿಸಿಕೊಂಡ ಆಕಳು ಮನೆಯಲ್ಲಿ ಏಳೂವರೆ ಲೀಟರಿನದು.

ಗಬ್ಬ ನಿಲ್ಲುವುದು ತಡವಾದರೆ ಇನ್ನೂ ಕಷ್ಟ. ಬೆದೆ ತಪ್ಪಿ, ಇಂಜೆಕ್ಷನ್ ಎರಡು ಮೂರು ಸಲ ನಿಲ್ಲದೆ ಹೋಗಿ, ಕರುವಿಂದ ಕರುವಿಗೆ ಒಂದೂವರೆ ವರ್ಷ ಆಯಿತು ಅಂದುಕೊಳ್ಳಿ. ಕೊನೆಯಲ್ಲಿ ಇನ್ನೊಂದು 60 ದಿನ ನಾಲ್ಕು ಲೀಟರಿನಂತೆ 240 ಲೀಟರ್ ಹೆಚ್ಚಿಗೆ ಸಿಗಬಹುದು. ಒಟ್ಟು 3,240. ಅದನ್ನು 540 ದಿನಕ್ಕೆ ಹಂಚಿದರೆ ಆರು ಲೀಟರ್. ಅದೇ ಆಕಳು, ಅದೇ ಕೆಚ್ಚಲು, ಎರಡನೇ ತಿಂಗಳಲ್ಲಿ ಅದೇ 14. ಇಂಥ ಮನೆಗಳಲ್ಲಿ "ಹಾಲು ಕಡಿಮಿ" ಅಂತ ಹಿಂಡಿ ಬದಲಿಸುತ್ತಾರೆ, ದೃಷ್ಟಿ ತೆಗೆಸುತ್ತಾರೆ. ಬೆದೆಯ ತಾರೀಖು ಬರೆದಿಡುವುದಿಲ್ಲ.

ಈ ಗೆರೆ ಎಲ್ಲಕ್ಕಿಂತ ಜೋರಾಗಿ ಬಡಿಯುವುದು ಸಾಲದ ಕಂತಿಗೆ. ಲೆಕ್ಕಕ್ಕಾಗಿ ದುಂಡು ಅಂಕಿ ಇಟ್ಟುಕೊಳ್ಳೋಣ: ಹಾಲು ಲೀಟರಿಗೆ 35 ರೂಪಾಯಿ, ದಾಣಿ ಕಿಲೋಗೆ 30 ರೂಪಾಯಿ, ಕಂತು ತಿಂಗಳಿಗೆ 4,000. ದಾಣಿಯ ರೂಢಿ ಲೆಕ್ಕ ಹೀಗೆ: ದನದ ಮೈಗೆ ದಿನಕ್ಕೆ ಒಂದೂವರೆ ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಎಮ್ಮೆಗಾದರೆ ಎರಡು ಲೀಟರಿಗೆ ಒಂದು ಕಿಲೋ.

ಎರಡನೇ ತಿಂಗಳು 14 ಲೀಟರ್. ಹಾಲಿನ ಹಣ 14,700. ದಾಣಿ ದಿನಕ್ಕೆ ಏಳು ಕಿಲೋ, ತಿಂಗಳಿಗೆ 6,300. ಕಂತು ಕಟ್ಟಿಯೂ 4,400 ಕೈಯಲ್ಲಿ ಉಳಿಯುತ್ತದೆ. ಮನೆಯಲ್ಲಿ ಎಲ್ಲರ ಮುಖ ಅರಳಿರುತ್ತದೆ, ಇನ್ನೊಂದು ಆಕಳು ತರೋಣ ಅನಿಸುವುದೂ ಇದೇ ತಿಂಗಳು.

ಹತ್ತನೇ ತಿಂಗಳು ಐದು ಲೀಟರ್. ಹಾಲಿನ ಹಣ 5,250. ದಾಣಿ ಮೂರೂವರೆ ಕಿಲೋದಂತೆ 3,150. ಉಳಿದದ್ದು 2,100, ಕಂತು 4,000. ಕೈಯಿಂದ 1,900 ಹಾಕಬೇಕು. ಅಲ್ಲಿಂದ ಮುಂದೆ ಬತ್ತಿದ ತಿಂಗಳುಗಳು. ಹಾಲು ಸೊನ್ನೆ. ಹೊಟ್ಟೆಯಲ್ಲಿ ಕರು ಬೆಳೆಯುತ್ತಿರುವುದರಿಂದ ದಾಣಿ ನಿಲ್ಲಿಸುವಂತಿಲ್ಲ, ದಿನಕ್ಕೆ ಮೂರು ಕಿಲೋ ಅಂದರೂ 2,700. ಕಂತು ಸೇರಿ ತಿಂಗಳಿಗೆ 6,700 ಬೇರೆಲ್ಲಿಂದಲೋ ಬರಬೇಕು. ಹುಲ್ಲು, ಹಸಿಮೇವು, ಡಾಕ್ಟರ ಖರ್ಚು, ಮನೆಯವರ ದುಡಿಮೆ ಇದರಲ್ಲಿ ಸೇರಿಲ್ಲ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಡೇರಿಗೆ ಹಾಕಿದ ಲೀಟರಿಗೆ ಬರುವಂಥದ್ದು, ಬತ್ತಿದ ತಿಂಗಳಿಗೆ ಅದೂ ಇಲ್ಲ.

"ಕಂತಿಗೆ ಬತ್ತೋದು ಅಂದ್ರೇನು ಅಂತ ಗೊತ್ತಿಲ್ಲ ನೋಡ್ರಿ" ಅಂತ ಅವ್ವ ನಮಗೆ ಹೇಳಿದ್ದು ಈ ಲೆಕ್ಕವನ್ನೇ. ಅವರಿಗೆ ಸಾಲ ಕೊಟ್ಟವರು 24 ಕಂತು ಬರೆದಿದ್ದರು, ಇಪ್ಪತ್ನಾಲ್ಕೂ ಒಂದೇ ಮೊತ್ತ. ಹನ್ನೊಂದನೇ ತಿಂಗಳಲ್ಲಿ ಅವರು ಕಂತು ಕಟ್ಟಲು ಕೈಗಡ ತಂದರು. ಆ ತಿಂಗಳು ದಾಣಿಯನ್ನೂ ಅರ್ಧಕ್ಕೆ ಇಳಿಸಿದರು. ಅಲ್ಲಿ ಉಳಿದದ್ದು ಸಾವಿರ ಚಿಲ್ಲರೆ. ಆದರೆ ಬತ್ತಿದ ಕಾಲದಲ್ಲಿ ಸೊರಗಿದ ಆಕಳು ಮುಂದಿನ ಸೂಲಿನಲ್ಲಿ 14ರ ತುದಿ ಮುಟ್ಟುವುದಿಲ್ಲ. ತುದಿಯಲ್ಲಿ ಒಂದು ಲೀಟರ್ ಕಡಿಮೆಯಾದರೆ ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ಕಡಿಮೆಯಾಗುತ್ತದೆ ಅನ್ನುವುದು ಈ ವಿದ್ಯೆಯ ರೂಢಿ ಲೆಕ್ಕ. 35ರ ದರದಲ್ಲಿ 7,000 ರೂಪಾಯಿ. ದಾಣಿಯಲ್ಲಿ ಉಳಿಸಿದ ಸಾವಿರಕ್ಕೆ ಏಳು ಸಾವಿರ ಕೈಬಿಡುತ್ತದೆ.

ಇದನ್ನು ಯಾರೂ ಯೋಚಿಸಿಲ್ಲ ಅಂತಲ್ಲ. ನಬಾರ್ಡ್‌ನ ಮಾದರಿ ಹೈನು ಯೋಜನೆಗಳಲ್ಲಿ ಹಾಲು ಕೊಡುವ ದಿನ ಬೇರೆ, ಬತ್ತಿದ ದಿನ ಬೇರೆ ಅಂತ ಲೆಕ್ಕ ಹಾಕಿರುತ್ತಾರೆ. ಎರಡು ದನದ ಘಟಕ ಅಂದರೆ ಎರಡನ್ನೂ ಒಟ್ಟಿಗೆ ಕೊಳ್ಳದೆ ಐದಾರು ತಿಂಗಳ ಅಂತರದಲ್ಲಿ ಕೊಳ್ಳಬೇಕು ಅನ್ನುವುದೂ ಅಲ್ಲಿದೆ. ಅವ್ವನ ಅಂಕಿಗಳನ್ನೇ ಎರಡು ಆಕಳಿಗೆ ಹಾಕಿ ನೋಡಿ. ಎರಡೂ ಒಂದೇ ತಿಂಗಳಲ್ಲಿ ಈದರೆ ಎರಡನೇ ತಿಂಗಳು 28 ಲೀಟರ್, ಹನ್ನೊಂದನೇ ತಿಂಗಳು ಸೊನ್ನೆ. ಎರಡನೆಯದು ಆರು ತಿಂಗಳು ಬಿಟ್ಟು ಈದರೆ, ಮೊದಲನೆಯದು ಬತ್ತಿದ ಮೂರು ತಿಂಗಳಲ್ಲಿ ಎರಡನೆಯದು 11, 10, 9 ಲೀಟರ್ ಕೊಡುತ್ತಿರುತ್ತದೆ. ಡೇರಿ ಬಿಲ್ಲು ಒಂದು ತಿಂಗಳೂ ಖಾಲಿ ಇರುವುದಿಲ್ಲ. ಆದರೆ ಊರಿನಲ್ಲಿ ನಡೆಯುವುದೇ ಬೇರೆ. ಸಾಲ ಮಂಜೂರಾದ ವಾರದಲ್ಲೇ ಟಾಟಾ ಏಸ್ ಗಾಡಿ ಮಾಡಿಕೊಂಡು ಹೋಗಿ ಎರಡನ್ನೂ ಏರಿಸಿಕೊಂಡು ಬರುತ್ತಾರೆ. ಬಾಡಿಗೆ ಉಳಿಯುತ್ತದೆ ಅನ್ನುವುದು ಕಾರಣ.

ಬಳ್ಳಾರಿ ನಗರದಲ್ಲಿ ಮನೆಮನೆಗೆ ಹಾಲು ಹಾಕುವ ಗೌಳಿಗರಿಗೆ ಈ ಪಾಠವನ್ನು ಯಾರೂ ಹೇಳಬೇಕಿಲ್ಲ. ವರ್ತನೆ ಮನೆಗೆ ದಿನಾ ಒಂದು ಲೀಟರ್ ಅಂದರೆ ದಿನಾ ಒಂದು ಲೀಟರ್. ಈ ತಿಂಗಳು ಎಮ್ಮೆ ಬತ್ತಿದೆ ಅಂದರೆ ಆ ಮನೆ ಪಾಕೀಟ್ ಹಾಲಿಗೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಹಾಗಾಗಿ ಅವರ ಕೊಟ್ಟಿಗೆಯಲ್ಲಿ ಒಂದು ಹೊಸದಾಗಿ ಈದದ್ದು, ಒಂದು ನಡುವಿನದು, ಒಂದು ಗಬ್ಬದ್ದು ಯಾವಾಗಲೂ ಇರುತ್ತದೆ. ಒಬ್ಬ ಹಿರಿಯರನ್ನು "ಹೆಂಗ ಲೆಕ್ಕ ಇಡ್ತೀರಿ ತಾತ?" ಅಂತ ಕೇಳಿದಾಗ ನಕ್ಕರು. "ಲೆಕ್ಕ ಏನೈತಪಾ, ಕರುಗಳ್ನ ನೋಡಿದ್ರ ಗೊತ್ತಾಕತಿ." ಕರುವಿನ ವಯಸ್ಸೇ ಅವರಿಗೆ ಕ್ಯಾಲೆಂಡರು.

ಎಮ್ಮೆಯ ಗೆರೆ ಆಕಳಿನದಕ್ಕಿಂತ ಬೇರೆ. ತುದಿ ಅಷ್ಟು ಎತ್ತರ ಇರುವುದಿಲ್ಲ. ಮಳೆಗಾಲದ ನಡುವಿನಿಂದ ಚಳಿಗಾಲದವರೆಗೆ ಈಯುವುದು ಹೆಚ್ಚು, ಹಾಗಾಗಿ ಬೇಸಿಗೆಯಲ್ಲಿ ಊರಿಗೆ ಊರೇ ಎಮ್ಮೆ ಹಾಲಿಗೆ ಪರದಾಡುತ್ತದೆ. ಜವಾರಿ ದನಗಳಲ್ಲಂತೂ ಎಷ್ಟೋ ಸಲ ಗುಡ್ಡವೇ ಕಾಣಿಸುವುದಿಲ್ಲ, ಮೊದಲ ವಾರದಿಂದಲೇ ಸಣ್ಣ ಇಳಿಜಾರು. ಕರು ಎಷ್ಟು ಕುಡಿಯಿತು ಅನ್ನುವುದು ನಮ್ಮ ಅಳತೆಗೆ ಸಿಗುವುದಿಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣ. ಮೊದಲ ಸೂಲಿನ ಪಡ್ಡೆಯ ತುದಿ ಗಿಡ್ಡ, ಆದರೆ ಇಳಿತ ನಿಧಾನ. ಮೂರನೇ ಸೂಲಿನ ಆಕಳ ಜತೆ ಅದನ್ನು ಹೋಲಿಸಿ ಬೈಯುವುದು ನ್ಯಾಯವಲ್ಲ.

ಗೆರೆ ಇಳಿಯುವುದು ಸಹಜ ಅಂದ ಮಾತ್ರಕ್ಕೆ ಎಲ್ಲ ಇಳಿತವೂ ಸಹಜ ಅಲ್ಲ. ಬರೆದಿಟ್ಟವರಿಗೆ ಈ ವ್ಯತ್ಯಾಸ ಬೇಗ ಸಿಗುತ್ತದೆ. ನಿನ್ನೆ 12 ಇದ್ದದ್ದು ಇವತ್ತು 9 ಆದರೆ ಅದು ಗೆರೆಯ ಇಳಿತ ಅಲ್ಲ. ಕೆಚ್ಚಲು ಬಾವು ಇರಬಹುದು, ಜ್ವರ ಇರಬಹುದು, ಮೇವು ಬದಲಾಗಿರಬಹುದು. ಈದು ಎರಡು ತಿಂಗಳಾದರೂ ಹಾಲು ಏರಲೇ ಇಲ್ಲ ಅಂದರೆ ಗಬ್ಬದ ಕೊನೆಯ ತಿಂಗಳುಗಳಲ್ಲಿ ಅಥವಾ ಈದ ಹೊಸತರಲ್ಲಿ ಹೊಟ್ಟೆಗೆ ಸಾಲಲಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಈದ ಮೊದಲ ಎರಡು ತಿಂಗಳು ಆಕಳು ತಿನ್ನುವುದಕ್ಕಿಂತ ಹೆಚ್ಚು ಹಾಲಾಗಿ ಕೊಡುತ್ತದೆ. ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಪಕ್ಕೆಲುಬು ಎದ್ದು ಕಾಣುವುದು ಆಗಲೇ. ಆ ಸಮಯದಲ್ಲಿ ಒಳ್ಳೆಯ ದಾಣಿಗೆ ಕೈ ಬಿಗಿ ಹಿಡಿದರೆ ತುದಿಯೂ ತಗ್ಗುತ್ತದೆ, ಬೆದೆಯೂ ತಡವಾಗುತ್ತದೆ.

ಹಾಲು ತುದಿಯಲ್ಲಿದ್ದಾಗ ಫ್ಯಾಟು ಇಳಿಯುತ್ತದೆ, ಇದೂ ಗೊತ್ತಿರಲಿ. ಡೇರಿಯಲ್ಲಿ ಫ್ಯಾಟು ಕಡಿಮೆ ಬಂದ ದಿನ "ನೀರು ಬೆರೆಸಿರೇನು?" ಅಂತ ಕೇಳಿಸಿಕೊಂಡು ಕಣ್ಣೀರು ಹಾಕಿದ ಹೆಣ್ಣುಮಕ್ಕಳನ್ನು ನಾವು ನೋಡಿದ್ದೇವೆ. ಹಾಲು ಇಳಿಯುತ್ತ ಹೋದಂತೆ ಫ್ಯಾಟು ತಾನೇ ಏರುತ್ತದೆ.

ಸಿರುಗುಪ್ಪದ ತೊಂದರೆ ಮೇವಿನದು. ತುಂಗಭದ್ರಾ ಕಾಲುವೆಯ ನೀರಿಗೆ ಎಲ್ಲಿ ನೋಡಿದರೂ ಭತ್ತ, ಹಾಗಾಗಿ ಬಣವೆಗಳೂ ಭತ್ತದ ಹುಲ್ಲಿನವೇ. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಪ್ರೋಟೀನು ತೀರಾ ಕಡಿಮೆ, ಸುಣ್ಣದ ಅಂಶವೂ ಮೈಗೆ ಹತ್ತುವುದಿಲ್ಲ. ಬರೀ ಅದರ ಮೇಲೆ ನಿಲ್ಲಿಸಿದ ಆಕಳ ಗೆರೆಯಲ್ಲಿ ಗುಡ್ಡ ಏಳುವುದಿಲ್ಲ. ಕುರುಗೋಡಿನ ಕಪ್ಪು ನೆಲದ ಜೋಳದ ಕಣಿಕಿ ಇದಕ್ಕಿಂತ ವಾಸಿ, ಆದರೆ ಜೋಳ ಬಿತ್ತುವ ಹೊಲಗಳಿಗೆ ಮೆಣಸಿನಕಾಯಿ, ಹತ್ತಿ ಬಂದು ಕುಳಿತಿವೆ. ಭತ್ತದ ಹುಲ್ಲನ್ನು ಯೂರಿಯಾ ನೀರಿನಲ್ಲಿ ಉಪಚರಿಸುವ ಕ್ರಮ ಇದೆ: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, ಐವತ್ತು ಅರವತ್ತು ಲೀಟರ್ ನೀರಿನಲ್ಲಿ ಕರಗಿಸಿ ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪಾಲು ಮುಚ್ಚಿ ಮೂರು ವಾರ ಬಿಡುವುದು. ತಿನ್ನಿಸುವ ಮುನ್ನ ಹರಡಿ ಗಾಳಿಗೆ ಬಿಡಬೇಕು, ಎಳೆಗರುಗಳಿಗೆ ಹಾಕಬಾರದು. ಯೂರಿಯಾ ನೀರಿಗೆ ದನ ಬಾಯಿ ಹಾಕಿದರೆ ಜೀವಕ್ಕೇ ಕುತ್ತು. ಮೊದಲ ಸಲ ಪಶುವೈದ್ಯರನ್ನು ಕೇಳಿಯೇ ಮಾಡಿ.

ಬಿಸಿಲಿನ ಮಾತಂತೂ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಎಚ್‌ಎಫ್ ಆಕಳು ಬಾಯಿ ತೆರೆದು ಏದುಸಿರು ಬಿಡುತ್ತದೆ, ತಿನ್ನುವುದು ಬಿಡುತ್ತದೆ. ಫೆಬ್ರವರಿ ಕೊನೆಗೆ ಈದ ಆಕಳಿಗೆ ತುದಿ ಬರಬೇಕಾದ ಏಳನೇ ವಾರ ಅಂದರೆ ಏಪ್ರಿಲ್ ನಡುವು. ಆ ತುದಿಯನ್ನು ಬಿಸಿಲೇ ಮುರಿಯುತ್ತದೆ. ಜನವರಿ ನಡುವಿನಲ್ಲಿ ಇಂಜೆಕ್ಷನ್ ಮಾಡಿಸಿ ಗಬ್ಬ ನಿಂತರೆ ಅಕ್ಟೋಬರ್ ಕೊನೆಗೆ ಕರು, ಡಿಸೆಂಬರಿನ ತಂಪಿನಲ್ಲಿ ತುದಿ. ಎಲ್ಲ ಸಲ ನಮ್ಮ ಕೈಯಲ್ಲಿ ಇರುವುದಿಲ್ಲ, ಬೆದೆ ಬಿಟ್ಟುಬಿಡಲೂ ಆಗುವುದಿಲ್ಲ. ಆದರೆ ಕೊಳ್ಳುವಾಗ ಯಾವ ತಿಂಗಳಲ್ಲಿ ಈಯುವ ದನ ಬೇಕು ಅಂತ ಆರಿಸಿಕೊಳ್ಳಬಹುದಲ್ಲ.

ಕೊಳ್ಳುವ ಮಾತು ಬಂತು. ಸಂತೆಯಲ್ಲಿ ಎಲ್ಲರೂ ಹಲ್ಲು ನೋಡುತ್ತಾರೆ, ಕೆಚ್ಚಲು ನೋಡುತ್ತಾರೆ. ಒಂದು ಹೊತ್ತು ಹಿಂಡದೆ ಬಿಟ್ಟು ತಂದರೆ ಯಾವ ಕೆಚ್ಚಲಾದರೂ ತುಂಬಿ ತುಳುಕುತ್ತದೆ. ಸಾಧ್ಯವಾದರೆ ಮಾರುವವರ ಮನೆಗೇ ಹೋಗಿ ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ ಹೀಗೆ ಮೂರು ಹೊತ್ತು ಎದುರಿಗೇ ಹಿಂಡಿಸಿ ನೋಡಬೇಕು. ಮೊದಲ ಹೊತ್ತಿನದನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಎಷ್ಟು ಲೀಟರ್?" ಅನ್ನುವುದಕ್ಕಿಂತ ಮುಂಚೆ "ಈದು ಎಷ್ಟು ದಿನ ಆತು?" ಅಂತ ಕೇಳಿ, ಕರುವನ್ನು ನೋಡಿ ತಾಳೆ ಹಾಕಿಕೊಳ್ಳಿ. ಎರಡನೇ ತಿಂಗಳಿನ 12 ಲೀಟರಿಗಿಂತ ಆರನೇ ತಿಂಗಳಿನ 10 ಲೀಟರ್ ದೊಡ್ಡದು. ಸಂತೆಯಲ್ಲಿ ಬೆಲೆ ಮಾತ್ರ ಉಲ್ಟಾ ಇರುತ್ತದೆ, ತಿಳಿದವರಿಗೆ ಅದೇ ಲಾಭ.

ಹಾಗಾದರೆ ಲೆಕ್ಕ ಎಲ್ಲಿಡುವುದು? ಡೇರಿ ಚೀಟಿ ದಿನಾ ಸಿಗುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ನಾಲ್ಕು ಜಿಲ್ಲೆಗಳ ರಾಬಕೊವಿ ಒಕ್ಕೂಟಕ್ಕೆ ಹಾಲು ಹಾಕುವ ಮನೆಗಳಲ್ಲಿ ಒಂದೇ ದನ ಇದ್ದರೆ ಆ ಚೀಟಿಗಳನ್ನು ಜೋಡಿಸಿದರೂ ಗೆರೆ ಬಂದುಬಿಡುತ್ತದೆ. ಮನೆಗೆ ಇಟ್ಟುಕೊಂಡದ್ದನ್ನು ಸೇರಿಸಿಕೊಳ್ಳಬೇಕು, ಅಷ್ಟೇ. ಎರಡು ಮೂರು ದನದ ಹಾಲು ಒಂದೇ ಕ್ಯಾನಿಗೆ ಬಿದ್ದರೆ ಮಾತ್ರ ಚೀಟಿ ಯಾವುದನ್ನೂ ಹೇಳುವುದಿಲ್ಲ. ಹೊಸದಾಗಿ ಈದದ್ದರ ಏರಿಕೆ ಹಳೆಯದರ ಇಳಿತವನ್ನು ಮುಚ್ಚಿಬಿಡುತ್ತದೆ, ಕೆಚ್ಚಲು ಬಾವು ಬಂದ ಎಮ್ಮೆ ಆ ಮೊತ್ತದಲ್ಲಿ ಅಡಗಿಕೊಳ್ಳುತ್ತದೆ.

ಸಿರುಗುಪ್ಪ ತಾಲ್ಲೂಕಿನ ಒಂದು ಸಂಘದ ಕಾರ್ಯದರ್ಶಿಯವರನ್ನು ನಾವು ಕೇಳಿದೆವು: ಸದಸ್ಯರ ಪಾಸ್‌ಬುಕ್ಕಿನಲ್ಲಿ ದನ ಈದ ತಾರೀಖು, ಇಂಜೆಕ್ಷನ್ ಮಾಡಿಸಿದ ತಾರೀಖು ಬರೆಯಲು ಒಂದು ಕಾಲಂ ಇಟ್ಟರೆ ಹೇಗೆ? ಅವರು ಕಂಪ್ಯೂಟರ್ ಕಡೆ ಕೈ ತೋರಿಸಿ, "ಇದ್ರಾಗ ಅಂಥಾ ಕಾಲಂ ಇಲ್ರೀ" ಅಂದರು. ಆಮೇಲೆ ತಾವೇ ಒಂದು ಪಾಸ್‌ಬುಕ್ ತಿರುವಿ ನೋಡಿದರು. ಹಿಂದಿನ ಎರಡು ಪುಟ ಖಾಲಿ ಇದ್ದವು. ಅವತ್ತು ಹಾಲು ಹಾಕಲು ಬಂದಿದ್ದ ಅಕ್ಕನಿಗೆ, "ನಿಮ್ಮ ಎಮ್ಮಿ ಯಾವಾಗ ಈದಿತ್ತಕ್ಕಾ?" ಅಂತ ಕೇಳಿ ಪೆನ್ನು ತೆಗೆದರು. "ದಸರಾ ಮುಂದ" ಅಂದರು ಆಕೆ. ಯಾವ ದಿನ ಅಂತ ಹಿಡಿಯಲು ಇಬ್ಬರೂ ಕ್ಯಾಲೆಂಡರ್ ಹತ್ತಿರ ಹೋಗಿ ನಿಂತರು.